ನೀಲಿ ಹಗ್ಗ

ಹಿಮಾಲಯದಿಂದ ಒಬ್ಬನೇ ಮರಳಿದ ತಿಪ್ಪೇಶ, ಸತ್ತ ಗೆಳೆಯ ಓಬಳೇಶನ ಮನೆಯಂಗಳದಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಎದುರಿಗೆ ಓಬಳೇಶನ ತಂದೆ ಪಾಲಯ್ಯ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಆ ಮನೆಯ ಕಸುಬೇ ಅದು.

“ಇಬ್ರೂ ಒಂದೇ ದಿನ ಆಫೀಸಿಗೆ ರಾಜೀನಾಮೆ ಕೊಟ್ರಿ,” ಎಂದ ಪಾಲಯ್ಯ. “ಫ್ಯಾನಿನ ಕೆಳಗಿನ ಕೆಲಸ ಬಿಟ್ಟು, ಉಸಿರೂ ಸಿಗದ ಬೆಟ್ಟ ಹತ್ತೋಕೆ.”

“ಕಾಲೇಜಿನಿಂದ ಅದೊಂದೇ ಆಸೆ ಇತ್ತು, ಇಬ್ರಿಗೂ.”

“ಹೆಂಗಾತು, ಹೇಳು.”

“ಅವನು ಜಾರಿ ಹಿಮದ ಬಿರುಕಿಗೆ ಬಿದ್ದ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ ಇತ್ತು. ಒಂದು ಗಂಟೆ ತಡೆದು ಹಿಡಿದೆ. ಆಮೇಲೆ ಹಗ್ಗ ಹರೀತು.”

“ಅವನ ತಾಯಿ ಫೋನಿನಾಗೆ ಆ ಹಗ್ಗನಾದ್ರೂ ತಂದುಕೊಡು ಅಂದಿದ್ಲಲ್ಲ, ತಂದಿದ್ದೀಯಾ?”

ತಿಪ್ಪೇಶ ಚೀಲದಿಂದ ನೀಲಿ ಹಗ್ಗ ತೆಗೆದು ಕೊಟ್ಟ. ಪಾಲಯ್ಯ ಅದರ ತುದಿಯ ಮೇಲೆ ಹೆಬ್ಬೆರಳು ಆಡಿಸಿದ.

“ಹರಿದ ಹಗ್ಗದ ತುದಿ ಪೊರಕೆ ಥರ ಕೆದರಿರ್ತೈತೆ ಕಣಪ್ಪ. ಇದು ಚಾಕು ಹಾಕಿದ್ದು.”

ತಿಪ್ಪೇಶ ಮುಖ ಎತ್ತಲಿಲ್ಲ. “ನಾನೂ ಬಿರುಕಿನ ಅಂಚಿಗೆ ಜಾರ್ತಾ ಇದ್ದೆ.”

“ಕೂಗಿದ್ನಾ?”

“ಕೂಗಿದ. ಬ್ಯಾಡ ಅಂದ.”

ಬೀದಿಯ ತಿರುವಿನಲ್ಲಿ ಓಬಳೇಶನ ತಾಯಿ ನೀರಿನ ಕೊಡ ಹೊತ್ತು ಬರುವುದು ಕಾಣಿಸಿತು. ಪಾಲಯ್ಯ ಅತ್ತ ನೋಡಿದ.

“ಅವಳೂ ನಲವತ್ತು ವರ್ಷ ಹಗ್ಗ ಹೊಸೆದೋಳು,” ಎಂದು, ನೀಲಿ ಹಗ್ಗದ ತುದಿಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಎಳೆ ಎಳೆಯಾಗಿ ಕೆದರತೊಡಗಿದ.