ಕಲ್ಲುತೊಟ್ಟಿಗೆ ಬಿಸಿನೀರು

ತೊಟ್ಟಿಯ ನೀರಿಗೆ ಕೈ ಅದ್ದಿದ ಅನಂತರಾಮು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. ಮೊಣಕೈವರೆಗೂ ಜುಮ್ಮೆಂದಿತು. "ಇದೇನಪ್ಪ, ಹೀಗೆ ಕೊರೆಯುತ್ತೆ! ನೀರು ಕಾಯಿಸಿರೋದಿಲ್ವಾ?" ಎಂದು ಬಂಗಲೆ ನೋಡಿಕೊಳ್ಳುವ ಮರಿಸಿದ್ದಯ್ಯನನ್ನು ಕೇಳಿದ.

"ಬಾಡ್ಗೆ ಬಂಗ್ಲೆಗೆ ಮೇಷ್ಟ್ರೇ. ಬಿಸ್ನೀರಿಗೆ ಬ್ಯಾರೆ. ಇಪ್ಪತ್ರುಪಾಯಿ ಆಯ್ತದೆ" ಎಂದ ಮರಿಸಿದ್ದಯ್ಯ. "ಎಲ್ಡು ಕೊಪ್ಪರಿಗೇಲಿ ಎಲ್ಡೆಲ್ಡು ಸಲ ಕಾಯ್ಸಿ ಉಯ್ಬೇಕು. ಅರ್ಧ ಗಾಡಿ ಸೌದೆ, ಇಬ್ರು ಆಳು. ಸುಮ್ಕೆ ಬತ್ತದಾ? ಮಾಡ್ಸಾದಾದ್ರೆ ಬ್ಯಾಗ ಯೋಳ್ಬುಡಿ. ಈಗ ಒಲೆ ಅಚ್ಚಿದ್ರೆ ಮೂರು ಗಂಟೆಗೆ ಬೆಚ್ಚಗಾಯ್ತದೆ. ವೊತ್ತಾದ್ರೆ ನನ್ ಕೈಲಾಗಾಕಿಲ್ಲ."

ಮಳವಳ್ಳಿಯಿಂದ ಗಗನಚುಕ್ಕಿಗೆ ಹೋಗುವ ದಾರಿಯಲ್ಲಿದ್ದ ಆ ಬಂಗಲೆಯನ್ನು ಅದರ ಸಾಹುಕಾರ ರಜದ ದಿನಗಳಲ್ಲಿ ಬಾಡಿಗೆಗೆ ಕೊಡುತ್ತಿದ್ದ. ಎಪ್ಪತ್ನಾಲ್ಕರ ಕ್ರಿಸ್‌ಮಸ್ ರಜಕ್ಕೆ ಮಂಡ್ಯದಿಂದ ಮೇಷ್ಟ್ರ ಸಂಸಾರ ಬಂದಿದ್ದು ಜಲಪಾತ ನೋಡಲಿಕ್ಕಲ್ಲ, ಹಿತ್ತಲಿನಲ್ಲಿ ಅರ್ಧ ನೆಲದೊಳಗೆ ಇಳಿಸಿ ಕಟ್ಟಿದ್ದ ಈ ಕಲ್ಲುತೊಟ್ಟಿಗಾಗಿ. ಮಗಳು ಆಂಡಾಳುಗೆ ಏಳು ವರ್ಷ. ಒಂದೂವರೆ ವರ್ಷದವಳಿದ್ದಾಗ ಬಂದ ಜ್ವರ ಎರಡೂ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು; ಅಂದಿನಿಂದ ಅವಳು ನಿಂತೇ ಇರಲಿಲ್ಲ. ಮೈಸೂರಿನ ಡಾಕ್ಟರು ಹೇಳಿದ್ದರು: "ಬೆಚ್ಚಗಿನ ನೀರಲ್ಲಿ ಎದೆಮಟ್ಟ ಇಳಿಸಿ ನೋಡಿ. ಅಲ್ಲಿ ಕಾಲಿಗೆ ಮೈಭಾರ ಇರೋಲ್ಲ. ಕಾಲಲ್ಲಿ ಜೀವ ಉಳಿದಿದ್ರೆ ಸ್ವಲ್ಪವಾದರೂ ಒದೀತಾಳೆ. ತಣ್ಣೀರು ಮಾತ್ರ ಬೇಡ."

ಅನಂತರಾಮು ಜಗಲಿಗೆ ಬಂದು ಕುಳಿತ. ಒಳಗೆ ಆಂಡಾಳು ಕಿಟಕಿಯ ಸರಳು ಹಿಡಿದು ಕುಳಿತು ಮಂಗಗಳನ್ನು ಎಣಿಸುತ್ತಿದ್ದಳು. ಹೆಂಡತಿ ಪಂಕಜ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಏನಂದ?"

"ಇಪ್ಪತ್ತು ರೂಪಾಯಿಯಂತೆ. ಬೇಸಿಗೇಲಿ ಬಂದ್ರೆ ನೀರು ತಾನಾಗೇ ಬೆಚ್ಚಗಿರುತ್ತೇನೋ."

"ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕು. ಇವತ್ತು ಬಿಟ್ರೆ ಯಾವತ್ತು? ಕೊಡೀಂದ್ರೆ."

"ನೋಡೋಣ."

"ಏನು ನೋಡೋದು? ದುಡ್ಡಿಲ್ಲ ಅನ್ನಬೇಡಿ. ಜೇಬಲ್ಲಿ ಎಷ್ಟಿದೆ ಅಂತ ನನಗೂ ಗೊತ್ತು."

ದೂರದಲ್ಲಿ ನೀರು ಬೀಳುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಮರಿಸಿದ್ದಯ್ಯ ಹಿತ್ತಲಿನಿಂದ ಒಮ್ಮೆ ಇಣುಕಿ, ಸೂರ್ಯನನ್ನು ನೋಡಿ, ಹಾಗೇ ಹೊರಟುಹೋದ. ಕೊನೆಗೆ ಅನಂತರಾಮು ತಲೆ ಎತ್ತದೆಯೇ ಹೇಳಿದ: "ಬಿಸಿನೀರಲ್ಲೂ ಅವಳು ಕಾಲು ಆಡಿಸದೇ ಹೋದ್ರೆ, ಪಂಕಜ? ಇನ್ನೂ ಒಂದು ದಾರಿ ಇದೆ ಅಂತ ಇಷ್ಟು ದಿನ ಅಂದ್ಕೊಂಡಿದ್ವಲ್ಲ. ಇವತ್ತು ಸಂಜೆ ಆದ್ಮೇಲೆ ಹಾಗೆ ಅನ್ನೋಕೂ ಆಗಲ್ಲ."

ಪಂಕಜ ಕಂಬಕ್ಕೆ ಒರಗಿದಳು. "ನನಗೆ ರಾತ್ರಿಯಿಂದ ಅದೇ ಯೋಚನೆ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಅವಳೇ ಒಳಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ಅವನ ಕೋಟಿನ ಜೇಬಿಗೆ ಕೈ ಹಾಕಿದಳು. ಎರಡು ಹತ್ತರ ನೋಟು ಹಿಡಿದು ಹಿತ್ತಲಿಗೆ ಇಳಿದು ಹೋದಳು.

ಮೂರು ಗಂಟೆಗೆ ತೊಟ್ಟಿಯಿಂದ ಹಬೆ ಏಳುತ್ತಿತ್ತು. "ಕೂಸ್ನ ಇಳಿಸಿ ಮೇಷ್ಟ್ರೇ, ಬಾಣಂತಿಗೆ ಉಯ್ಯೋ ನೀರಿನ ಅದಕ್ಕೆ ಬಂದದೆ" ಎಂದು ಹೇಳಿ ಮರಿಸಿದ್ದಯ್ಯ ಕೊಪ್ಪರಿಗೆಯ ಕಡೆಗೆ ಸರಿದು ನಿಂತ. ಅನಂತರಾಮು ಪಂಚೆ ಎತ್ತಿ ಕಟ್ಟಿ ಮಗಳನ್ನು ಎತ್ತಿಕೊಂಡು ಇಳಿದ. ನೀರು ಅವನ ಸೊಂಟಕ್ಕೆ ಬಂತು. ಪಂಕಜ ತೊಟ್ಟಿಯ ಅಂಚಿನ ಪಕ್ಕ ನೆಲದ ಮೇಲೆ ಕುಳಿತು, ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಒದಿ ಪುಟ್ಟಾ. ಕಾಲು ಒದಿ."

ಆಂಡಾಳು ತುಟಿ ಕಚ್ಚಿ, ಕಣ್ಣು ಮುಚ್ಚಿ, ಮುಖವೆಲ್ಲಾ ಕೆಂಪಾಗುವಂತೆ ಮುಕ್ಕಿರಿದಳು. ನೆನೆಹಾಕಿದ ಬಟ್ಟೆಯ ಹಾಗೆ ಕಾಲುಗಳು ನೀರಿನಲ್ಲಿ ತೇಲಾಡಿದವು. ನೀರು ಹೋದ ಕಡೆಗೆ ಅವೂ ಹೋದವು. "ಇನ್ನೊಂದ್ಸಲ" ಎಂದ ಅನಂತರಾಮು. ಇನ್ನೊಂದು ಸಲವೂ ಹಾಗೆಯೇ. ಆಮೇಲಿನದನ್ನು ಎಣಿಸುವ ಧೈರ್ಯ ಅವನಿಗೆ ಬರಲಿಲ್ಲ. ಪಂಕಜ ಮುಖ ತಿರುಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸಾಕು ಪುಟ್ಟಾ, ಮೇಲೆ ಹೋಗೋಣ" ಎಂದ.

"ಬೇಡಪ್ಪಾ. ಕೈ ಬಿಡು."

"ಬಿಟ್ರೆ ಮುಳುಗಿಹೋಗ್ತೀಯಮ್ಮ."

"ಇಲ್ಲ. ಕಾಲಿಗೆ ನೆಲ ಸಿಕ್ತಿದೆ. ಬಿಡು."

ಅವನು ಕಂಕುಳಲ್ಲಿಟ್ಟ ಕೈಯನ್ನು ಸಡಿಲಿಸಿದ, ಹೆದರಿ ಮತ್ತೆ ಹಿಡಿದ. ಮಗಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮೈ ಒಮ್ಮೆ ಹಿಂದಕ್ಕೆ ವಾಲಿತು, ಪಕ್ಕಕ್ಕೆ ವಾಲಿತು. ಎದೆಮಟ್ಟದ ನೀರು ಎಲ್ಲಾ ಕಡೆಯಿಂದಲೂ ಆನಿಸಿಕೊಂಡಿತು. ಅವಳು ಎರಡೂ ಕೈಗಳನ್ನು ನೀರಿನ ಮೇಲೆ ಅಗಲಿಸಿ ಹಾಗೇ ನಿಂತಳು. ಅನಂತರಾಮು ಅವಳ ಸುತ್ತ ಕೈ ಚಾಚಿ, ಮುಟ್ಟದೆ, ಉಸಿರು ಬಿಗಿಹಿಡಿದ.

ಪಂಕಜ ತಿರುಗಿ ನೋಡಿದಳು. ಮಗಳ ಮುಖ ಅವಳ ಮುಖಕ್ಕೆ ನೇರವಾಗಿತ್ತು.

ಆಂಡಾಳು ತೊಟ್ಟಿಯ ಅಂಚನ್ನು ನೋಡಿದಳು, ತಾಯಿಯ ಕಣ್ಣನ್ನು ನೋಡಿದಳು, ಬಗ್ಗಿ ನೀರಿನಡಿಯ ತನ್ನ ಕಾಲುಗಳನ್ನು ನೋಡಿದಳು. ಆಮೇಲೆ ಆಶ್ಚರ್ಯದಿಂದ ಕೇಳಿದಳು:

"ಅಮ್ಮಾ, ನಾನು ಇಷ್ಟು ಉದ್ದ ಇದೀನಾ?"