ನೆಗಡಿಯೂ ಆಗಬಾರದು

ಟೈಲರ್ ಬಿದ್ದದ್ದು ದಿನವೂ ಬಳಸಿಕೊಂಡು ಹೋಗುತ್ತಿದ್ದ ಗುಂಡಿಯಲ್ಲೇ. ಬೆಳಗಿನ ಐದು ಗಂಟೆ. ಬೀದಿದೀಪಗಳು ಕೆಟ್ಟು ಕೂತಿದ್ದವು, ಮಳೆ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಹಿಂದೆ ಬರುತ್ತಿದ್ದ ಸ್ಕೂಟರಿನ ಬೆಳಕಿಗೆ ಗುಂಡಿ ಯಾವುದು, ರಸ್ತೆ ಯಾವುದು ಎಂದು ಗೊತ್ತಾಗದಷ್ಟು ನೀರು. ಎದ್ದು ನಿಂತಾಗ ಮಂಡಿಯ ರಕ್ತ ನೀರಿನ ಜೊತೆ ಇಳಿದು ಕಾಲುಚೀಲ ಸೇರುತ್ತಿತ್ತು.

“ಭಾವ, ಗಾಯ ಆದ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರಾ?” ಅವನು ಕೇಳಿದ ಮೊದಲ ಮಾತು ಅದು.

ಅಕ್ಕನ ಗಂಡ ಸ್ಕೂಟರಿನ ಬೆಳಕನ್ನು ಅವನ ಮಂಡಿಯ ಕಡೆ ತಿರುಗಿಸಿದರು.

“ತರಚಿದೆ ಅಷ್ಟೆ. ಸೋಮವಾರದೊಳಗೆ ಒಣಗುತ್ತೆ ಬಿಡಿ,” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಟೈಲರ್ ಮತ್ತೆ ಓಡತೊಡಗಿದ.

ಸೋಮವಾರ ಆಸ್ಪತ್ರೆಯಲ್ಲಿ ಅವನ ಕೊನೆಯ ಪರೀಕ್ಷೆ. ಅಕ್ಕನ ಲಿವರ್ ಕೆಟ್ಟಿದೆ, ಅದರೊಳಗೆ ಕ್ಯಾನ್ಸರಿನ ಗಂಟೂ ಬೆಳೆದಿದೆ, ಬೇರೆಯವರ ಲಿವರಿನ ತುಂಡು ಜೋಡಿಸಿದರೆ ಉಳಿಯುತ್ತಾಳೆ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗುತ್ತ ಬಂದಿತ್ತು. ಭಾವನ ರಕ್ತ ಹೊಂದಲಿಲ್ಲ. ತಮ್ಮನದು ಹೊಂದಿತು. ಆದರೆ ಇಪ್ಪತ್ತು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಕೂತು ಅವನ ಲಿವರಿಗೂ ಕೊಬ್ಬು ಹತ್ತಿತ್ತು. “ಹನ್ನೆರಡು ಕೆಜಿ ಇಳಿಸಿ. ಜ್ವರ, ಕೆಮ್ಮು ಏನೂ ಬರಬಾರದು. ನೆಗಡಿಯೂ ಆಗಬಾರದು,” ಎಂದರು ಡಾಕ್ಟರು. ಮಳೆ ಹಿಡಿದದ್ದು ಅದೇ ವಾರ.

ಹಗಲಲ್ಲಿ ಅಂಗಡಿ, ಅಲ್ಲದೆ ಆ ಮೈ ಕುಲುಕಿಸಿಕೊಂಡು ನಾಲ್ಕು ಜನರೆದುರು ಓಡಲು ನಾಚಿಕೆ. ಹಾಗಾಗಿ ಕತ್ತಲೆಯೇ ಸರಿಯಾಯಿತು. ಭಾವ ಹಿಂದಿನಿಂದ ಬೆಳಕು ಹಿಡಿದು ಬರುತ್ತಿದ್ದರು. ಮನೆ ಸೇರುತ್ತಲೇ ಚಿಕ್ಕ ಮಗುವಿಗೆ ಒರೆಸಿದ ಹಾಗೆ ಅವನ ತಲೆ ಒರೆಸಿ, ಬಿಸಿನೀರು ಕುಡಿಸಿ, ಒಣ ಬನಿಯನ್ನು ಹಾಕಿಸಿಯೇ ಆಸ್ಪತ್ರೆಗೆ ಹೊರಡುತ್ತಿದ್ದರು. ಅಂಗಡಿಯಲ್ಲಿ ಗಿರಾಕಿ ಸೀನಿದರೆ ಟೈಲರ್ ಅಳತೆಯ ಟೇಪನ್ನು ಅವರ ಕೈಗೇ ಕೊಟ್ಟು, “ನೀವೇ ಅಳತೆ ತಗೊಳ್ಳಿ, ಇಲ್ಲಿಂದಲೇ ಬರ್ಕೋತೀನಿ,” ಎನ್ನುತ್ತಿದ್ದ. ತನ್ನ ಪ್ಯಾಂಟಿನ ಸೊಂಟವನ್ನೇ ಮೂರು ಸಲ ಬಿಚ್ಚಿ ಹೊಲಿದಿದ್ದ. ವಾರ್ಡಿನಲ್ಲಿ ಏನಾದರೂ ಅಂಟಿಕೊಂಡೀತು ಎಂದು ಎರಡು ತಿಂಗಳಿಂದ ಅಕ್ಕನನ್ನು ನೋಡಲೂ ಹೋಗಿರಲಿಲ್ಲ. ಹನ್ನೊಂದೂವರೆ ಕೆಜಿ ಇಳಿದಿತ್ತು.

ಎದುರಿಗೆ ಬಿದ್ದಿದ್ದ ಅವನ ನೆರಳು ಇದ್ದಕ್ಕಿದ್ದಂತೆ ಇಲ್ಲವಾಯಿತು. ತಿರುಗಿ ನೋಡಿದರೆ ಸ್ಕೂಟರ್ ನಿಂತಿದೆ, ಬೆಳಕು ಆರಿದೆ.

“ಪೆಟ್ರೋಲ್ ಮುಗೀತಾ ಭಾವ?”

“ಸಾಕು ಬಾರೋ.”

“ಇನ್ನೂ ಎರಡು ಸುತ್ತಿದೆ.”

“ಸಾಕು ಅಂದ್ನಲ್ಲ.” ಭಾವ ಇಳಿದು ಬಂದರು. ಕತ್ತಲಲ್ಲಿ ಅವರ ಮುಖ ಕಾಣಿಸಲಿಲ್ಲ, ಮಾತು ಮಾತ್ರ ಬಂತು. “ಗಂಟು ರಕ್ತನಾಳಕ್ಕೆ ಇಳಿದುಬಿಟ್ಟಿದೆಯಂತೆ. ಇನ್ನು ಯಾರದ್ದು ಜೋಡಿಸಿದ್ರೂ ಪ್ರಯೋಜನ ಇಲ್ಲ ಅಂದ್ರು. ಆಪರೇಷನ್ ಇಲ್ಲ.”

“ಯಾವಾಗ ಅಂದ್ರು?”

“ಒಂಬತ್ತು ದಿನ ಆಯ್ತು.”

ಟೈಲರ್ ಎಣಿಸಿದ. ಒಂಬತ್ತು ಬೆಳಗು. ಒಂದು ದಿನ ಆಲಿಕಲ್ಲೂ ಬಿದ್ದಿತ್ತು.

“ಮತ್ತೆ ದಿನಾ ನನ್ನ ಹಿಂದೆ ಯಾಕೆ ಬಂದ್ರಿ?”

“ಹೇಳೋಣ ಅಂತಲೇ ಬರ್ತಿದ್ದೆ.” ಭಾವ ಮಳೆನೀರು ಒರೆಸಿಕೊಂಡರೋ, ಇನ್ನೇನೋ. “ನೀನು ಮುಂದೆ ಓಡ್ತಾ ಇದ್ರೆ, ಆ ಒಂದು ಗಂಟೆ ಅವಳು ಬದುಕ್ತಾಳೆ ಅನ್ನಿಸ್ತಿತ್ತು ಕಣೋ. ಬೇರೆ ಯಾವ ಹೊತ್ತಲ್ಲೂ ಅನ್ನಿಸ್ತಿರ್ಲಿಲ್ಲ.”

ಟೈಲರಿಗೆ ಅವರ ಕೊರಳಪಟ್ಟಿ ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂತು. ಕೈ ಎತ್ತಲಾಗಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ ಮಾತು.

“ಮೊದಲ ಹದಿನೈದು ದಿನ ನಾನು ಓಡ್ಲಿಲ್ಲ ಭಾವ. ಬರೀ ನಡೆದೆ. ಏದುಸಿರು ಬರುತ್ತೆ ಅಂತ. ಆಗಲೇ ಓಡಿ ಬೇಗ ಇಳಿಸಿದ್ದಿದ್ರೆ ಅವಳು ಉಳೀತಿದ್ಲಾ?”

ಇಲ್ಲ ಎಂದಿದ್ದರೆ ಸಾಕಿತ್ತು, ಅವನು ನಂಬುತ್ತಿದ್ದ. ಆದರೆ ಒಂಬತ್ತು ದಿನ ಸುಳ್ಳನ್ನು ಹೊತ್ತು ಸೋತಿದ್ದ ಭಾವನಲ್ಲಿ ಇನ್ನೊಂದಕ್ಕೆ ತ್ರಾಣ ಉಳಿದಿರಲಿಲ್ಲ.

“ಗೊತ್ತಿಲ್ಲಪ್ಪ,” ಎಂದರು.

ಹತ್ತು ಗಂಟೆಗೆ ಅವನು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಕಿಟಕಿಯ ಪಕ್ಕದ ಮಂಚದಲ್ಲಿ ಅಕ್ಕ. ಹೊಟ್ಟೆ ಊದಿತ್ತು, ಉಳಿದದ್ದೆಲ್ಲ ಬರಿ ಮೂಳೆ. ಅರಿಶಿನ ಬಣ್ಣಕ್ಕೆ ತಿರುಗಿದ ಕಣ್ಣಿನಿಂದ ಅವಳು ಯಾರೋ ಪರಿಚಯವಿಲ್ಲದವರನ್ನು ನೋಡುವಂತೆ ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಗುರುತು ಹಿಡಿದು, ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಅವನ ಕೆನ್ನೆ ಸವರಿದಳು, ಭುಜ ಒತ್ತಿದಳು, ಕೊನೆಗೆ ಮಣಿಕಟ್ಟು ಹಿಡಿದುಕೊಂಡಳು. ಅವಳ ಬೆರಳುಗಳ ಅಡಿಯಲ್ಲಿ ಅವನ ನಾಡಿ ನಿಧಾನವಾಗಿ, ಒಂದೂ ತಪ್ಪದೆ ಹೊಡೆದುಕೊಳ್ಳುತ್ತಿತ್ತು.

“ಎಷ್ಟು ಚೆನ್ನಾಗಿ ಆಗಿದೀಯೋ,” ಎಂದಳು. ಮಾತಿನ ನಡುವೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು. “ಅಪ್ಪನೂ ದಪ್ಪಗಿದ್ರು, ಈ ವಯಸ್ಸಿಗೇ ಎದೆನೋವು ಬಂದು ಹೋಗಿಬಿಟ್ರು. ನಂಗೆ ನಿಂದೇ ಯೋಚನೆ ಇತ್ತು. ಇನ್ನು ಭಯ ಇಲ್ಲ ಬಿಡು. ನೀನು ತುಂಬಾ ವರ್ಷ ಇರ್ತೀಯ.”