ಕುಡಿಯದೆ ಇಟ್ಟ ಬಟ್ಟಲು

ಆ ಮರಳುನಾಡಿನಲ್ಲಿ ಅತಿಥಿ ಕಾಫಿಯನ್ನು ಕುಡಿಯದೆ ಕೆಳಗಿಟ್ಟನೆಂದರೆ ಏನೋ ಬೇಡಲು ಬಂದಿದ್ದಾನೆಂದೇ ಅರ್ಥ. ‘ಏನು ಬೇಕು?’ ಎಂದು ಮನೆಯವನು ಕೇಳಬೇಕು. ಕೇಳಿದ ಮೇಲೆ ಇಲ್ಲವೆನ್ನುವಂತಿಲ್ಲ. ಅವನು ಕೇಳುವ ತನಕ ಅತಿಥಿ ಬೇಡುವಂತಿಲ್ಲ.

ಕುಲಕ್ಕೆ ಉಳಿದಿದ್ದ ಒಂದೇ ಬಾವಿಗೂ ತೈಲ ಕಂಪನಿ ಬೇಲಿ ಹಾಕಿದಾಗ, ಕುಲದ ಹಿರಿಯನಾದ ಮುದುಕ ತೈಲ ಮಂತ್ರಿಯ ಬಂಗಲೆಗೆ ಬಂದ. ಮಂತ್ರಿ ಅವನ ಮಗನೇ. ಡೇರೆಯಲ್ಲಿ ಹುಟ್ಟಿ ಬೆಳೆದವನು.

ಮುದುಕ ಕಾಫಿ ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟು, ಮಗನ ಮುಖವನ್ನೇ ನೋಡುತ್ತ ಕೂತ.

“ಒಂಟೆಗಳು ಹೇಗಿವೆ ಅಪ್ಪಾ?”

“ನೀರಿಲ್ದೆ ಸಾಯ್ತಿವೆ.”

“ಮಾರಿಬಿಡಿ. ಇಲ್ಲೇ ಬಂದಿರಿ, ಏಸಿ ಇದೆ, ತಂಪಾಗಿರುತ್ತೆ.”

ಮುದುಕ ಬಟ್ಟಲನ್ನು ಮಗನ ಕಡೆಗೆ ಸರಿಸಿದ.

ಕೊನೆಗೂ ಮಗನ ಕಣ್ಣು ಬಟ್ಟಲಿನ ಮೇಲೆ ಬಿತ್ತು. ಅವನು ಆಳನ್ನು ಕರೆದ.

“ಅಪ್ಪನ ಕಾಫಿ ಆರಿಹೋಗಿದೆ, ಬಿಸಿಯಾಗಿ ಬೇರೆ ತಂದ್ಕೊಡು.”